ಮಾವನ ಲ್ಯಾಪ್‌ಟಾಪ್‌ಗೆ ಮೂರು ಬಟನ್

ತಿಪಟೂರಿನಲ್ಲಿರುವ ನನ್ನ ಸೋದರಮಾವ ಕೊಬ್ಬರಿ ಲೆಕ್ಕ ಬರೆಯುವುದು ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ. 15.6 ಇಂಚಿನ ಪರದೆ, 1366 × 768 ಪಿಕ್ಸೆಲ್, 4 ಜಿಬಿ ರ‍್ಯಾಮ್. ಎರಡು ವರ್ಷದ ಹಿಂದೆ ಅದಕ್ಕೆ ಲಿನಕ್ಸ್ ಹಾಕಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ (ವಿಂಡೋ, ಮೆನು ಎಲ್ಲ ತೋರಿಸುವ ತಂತ್ರಾಂಶ) ಕೂರಿಸಿ ಕೊಟ್ಟವನು ನಾನೇ. ಹಾಗಾಗಿ ಅದರಲ್ಲಿ ಏನೇ ಹೆಚ್ಚುಕಮ್ಮಿ ಆದರೂ ಫೋನ್ ಬರುವುದು ನನಗೆ.

ಆವತ್ತು ರಾತ್ರಿ ಒಂಬತ್ತಕ್ಕೆ ಬಂತು. "ಅಳಿಮಯ್ಯ, ಸಾಯಂಕಾಲದಿಂದ ಕೂತು ಬರೆದಿದ್ದೆಲ್ಲ ಹೋಯ್ತಲ್ಲಪ್ಪ."

ಆಗಿದ್ದಿಷ್ಟು. ಲೆಕ್ಕದ ಶೀಟನ್ನು ಪಕ್ಕಕ್ಕಿಟ್ಟು ಹಿಂದಿರುವ ಬ್ರೌಸರ್‌ನಲ್ಲಿ ಮಂಡಿ ರೇಟು ನೋಡಬೇಕಿತ್ತು. ವಿಂಡೋದ ಮೇಲಿರುವ ಮೂರು ಬಟನ್‌ಗಳಲ್ಲಿ ಮಿನಿಮೈಸ್ (ಮರೆ ಮಾಡುವುದು) ಒತ್ತುವ ಬದಲು ಕ್ಲೋಸ್ (ಮುಚ್ಚುವುದು) ಒತ್ತಿದ್ದಾರೆ. ಉಳಿಸಬೇಕಾ ಅಂತ ಅದು ಕೇಳಿದೆ. "ಅದೇನೋ ಕೇಳ್ತು, ಬ್ಯಾಡ ಅಂದೆ." ಮುಗೀತು.

ಮೊದಲ ಸಲ ಆಗಿದ್ದೂ ಅಲ್ಲ ಇದು. ವಾರಕ್ಕೆ ಎರಡು ಸಲ ಶೀಟ್ ಮುಚ್ಚಿಹೋಗುತ್ತೆ, ಆದರೆ ಉಳಿಸು ಅಂತ ಒತ್ತುವುದರಿಂದ ನಷ್ಟ ಆಗಿರಲಿಲ್ಲ ಅಂತ ಅತ್ತೆ ಹಿಂದಿನಿಂದ ಹೇಳಿದರು.

ಆ ಶನಿವಾರ ಹೋಗಿ ನೋಡಿದೆ. ಜೊತೆಗೆ ಬಂದಿದ್ದ ಥೀಮ್‌ನಲ್ಲಿ ಒಂದೊಂದು ಬಟನ್ 16 ಪಿಕ್ಸೆಲ್ ಅಗಲ. ಈ ಪರದೆಯಲ್ಲಿ ಇಂಚಿಗೆ ಹತ್ತಿರಹತ್ತಿರ 100 ಪಿಕ್ಸೆಲ್ ಬರುತ್ತವೆ. ಅಂದರೆ ಬಟನ್ ಬರೀ 4 ಮಿಲಿಮೀಟರ್, ಒಂದು ಹೆಸರುಕಾಳಿನಷ್ಟು. ಎರಡರ ಮಧ್ಯೆ 2 ಪಿಕ್ಸೆಲ್ ಜಾಗ, ಅರ್ಧ ಮಿಲಿಮೀಟರ್. ಅರವತ್ತೆಂಟು ವರ್ಷದ ಕಣ್ಣು ಅದು. ಬಟನ್ ದೊಡ್ಡದು ಮಾಡಿದರೆ ಸಾಕು ಅಂದುಕೊಂಡೆ. ಅಷ್ಟರಲ್ಲೇ ಮುಗಿಯುತ್ತೆ ಅಂದುಕೊಂಡಿದ್ದು ನನ್ನ ತಪ್ಪು, ಅದು ಮುಂದೆ ಬರುತ್ತೆ.

ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋದ ಚೌಕಟ್ಟು ಬರೆಯುವ ಕೆಲಸ ಎಕ್ಸ್‌ಎಫ್‌ಡಬ್ಲ್ಯುಎಂ4 ಎಂಬ ವಿಂಡೋ ಮ್ಯಾನೇಜರ್‌ನದು. ಅದರ ಥೀಮ್ ಅಂದರೆ ಒಂದು ಫೋಲ್ಡರ್. ಒಳಗೆ ಒಂದಷ್ಟು ಪುಟ್ಟ ಚಿತ್ರಗಳು, ಜೊತೆಗೆ ಥೀಮ್‌ಆರ್‌ಸಿ ಎಂಬ ಒಂದು ಟೆಕ್ಸ್ಟ್ ಫೈಲ್. ಕೋಡ್ ಬರೆಯುವುದೇನೂ ಇಲ್ಲ. ಹೋಮ್ ಫೋಲ್ಡರ್‌ನಲ್ಲಿ 'ಡಾಟ್ ಥೀಮ್ಸ್' ಅಂತ ಒಂದು ಅಡಗಿದ ಫೋಲ್ಡರ್ ಮಾಡಿ, ಅದರೊಳಗೆ ಥೀಮ್ ಹೆಸರಿನ ಫೋಲ್ಡರ್, ಅದರೊಳಗೆ ವಿಂಡೋ ಮ್ಯಾನೇಜರ್ ಹೆಸರಿನ ಫೋಲ್ಡರ್. ನನ್ನ ಥೀಮ್‌ಗೆ 'ಕೊಬ್ಬರಿ' ಅಂತ ಹೆಸರಿಟ್ಟೆ. ಮತ್ತೇನು ಇಡಲಿ?

ಚಿತ್ರದ ಹೆಸರಿನಲ್ಲೇ ಎಲ್ಲ ಇದೆ. ಕ್ಲೋಸ್-ಆಕ್ಟಿವ್ ಅಂದರೆ ಎದುರಿಗಿರುವ ವಿಂಡೋದ ಬಟನ್. ಕ್ಲೋಸ್-ಇನ್ಆಕ್ಟಿವ್ ಹಿಂದೆ ಬಿದ್ದಿರುವ ವಿಂಡೋದ್ದು. ಕರ್ಸರ್ ಮೇಲೆ ಬಂದಾಗಿನದು ಪ್ರೀಲೈಟ್, ಒತ್ತಿ ಹಿಡಿದಾಗಿನದು ಪ್ರೆಸ್ಡ್. ಹೀಗೆ ಒಂದೊಂದು ಗುರುತಿಗೂ ನಾಲ್ಕು ಚಿತ್ರ. ಮ್ಯಾಕ್ಸಿಮೈಸ್‌ಗೆ ಇನ್ನೊಂದು ರೂಪ ಬೇಕು, ವಿಂಡೋ ಆಗಲೇ ಪೂರ್ತಿ ಹಿಗ್ಗಿದ್ದಾಗ ತೋರಿಸಲು. ಅದರ ಹೆಸರಿನಲ್ಲಿ ಟಾಗಲ್ಡ್ ಅಂತ ಸೇರಿಸಬೇಕು. ಶೇಡ್, ಸ್ಟಿಕ್ ಅಂತ ಇನ್ನೆರಡು ಬಟನ್ ಇವೆ. ಅವನ್ನು ಮಾವ ಯಾವತ್ತೂ ಮುಟ್ಟಿಲ್ಲ, ನಿಜ ಹೇಳಬೇಕೆಂದರೆ ನಾನೂ ಮುಟ್ಟಿಲ್ಲ, ಬಿಟ್ಟೆ. ಕೊನೆಗೆ ಉಳಿದಿದ್ದು ನಾಲ್ಕು ಗುರುತು, 16 ಚಿತ್ರ.

ಇಲ್ಲೊಂದು ಕಡೆ ಒಂದು ಗಂಟೆ ಹೋಯಿತು. ಮಿನಿಮೈಸ್ ಬಟನ್‌ಗೆ ಮಿನಿಮೈಸ್ ಅಂತಲೇ ಹೆಸರಿಟ್ಟಿದ್ದೆ. ಉಳಿದೆರಡು ಬಂದವು, ಅದು ಮಾತ್ರ ಇಲ್ಲ. ಈ ವಿಂಡೋ ಮ್ಯಾನೇಜರ್‌ನ ಬಾಯಲ್ಲಿ ಅದರ ಹೆಸರು 'ಹೈಡ್'. ಬೇರೆ ಥೀಮ್‌ನ ಫೋಲ್ಡರ್ ತೆಗೆದು ನೋಡಿದ್ದರೆ ಎರಡೇ ನಿಮಿಷದ ಕೆಲಸ.

ಮೊದಲು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ತಂತ್ರಾಂಶದಲ್ಲಿ ಚೆಂದಕ್ಕೆ ಬರೆದು ಪಿಎನ್‌ಜಿ ಮಾಡಿ ಹಾಕಿದ್ದೆ. ನನ್ನ ದೊಡ್ಡ ಮಾನಿಟರ್‌ನಲ್ಲಿ ಸೊಗಸಾಗಿತ್ತು. ಮಾವನ ಪರದೆಯಲ್ಲಿ ನೋಡಿದರೆ ಮಬ್ಬು ಮಬ್ಬು, ಕನ್ನಡಕಕ್ಕೆ ಎಣ್ಣೆ ಕೈ ತಾಗಿದ ಹಾಗೆ. ಕಾರಣ ಸರಳ. 1 ಪಿಕ್ಸೆಲ್ ದಪ್ಪದ ಗೆರೆಯ ನಡುಭಾಗವನ್ನು ಸರಿಯಾಗಿ ಎರಡು ಪಿಕ್ಸೆಲ್‌ಗಳ ಗಡಿಯ ಮೇಲೆ ಇಟ್ಟಿದ್ದೆ. ಗೆರೆ ಅರ್ಧ ಆ ಕಡೆ, ಅರ್ಧ ಈ ಕಡೆ ಬೀಳುತ್ತೆ. ಆಗ ಒಂದು ಕಪ್ಪು ಗೆರೆಯ ಬದಲು ಎರಡು ಬೂದು ಗೆರೆ. ಪಿಕ್ಸೆಲ್ ಸಣ್ಣದಿರುವ ಪರದೆಯಲ್ಲಿ ಇದು ಕಣ್ಣಿಗೆ ಬೀಳಲ್ಲ. ಇಂಚಿಗೆ 100 ಇರುವ ಕಡೆ ಎದ್ದು ಕಾಣುತ್ತೆ.

ಸರಿ, ಇದನ್ನು ಕೈಯಲ್ಲೇ ಪಿಕ್ಸೆಲ್ ಪಿಕ್ಸೆಲ್ ಇಟ್ಟು ಬರೆಯೋಣ ಅಂತ ಎಕ್ಸ್‌ಪಿಎಂಗೆ ಬಂದೆ. ಇದು 1989ರಲ್ಲಿ ಫ್ರಾನ್ಸಿನ ಬುಲ್ ಕಂಪನಿಯಲ್ಲಿ ಹುಟ್ಟಿದ ಚಿತ್ರದ ಫಾರ್ಮ್ಯಾಟ್. ಇದರ ಮಜಾ ಏನೆಂದರೆ ಚಿತ್ರವೇ ಅಕ್ಷರಗಳಲ್ಲಿ ಇರುತ್ತೆ. ಯಾವ ಟೆಕ್ಸ್ಟ್ ಎಡಿಟರ್‌ನಲ್ಲೂ ತೆಗೆಯಬಹುದು. ಮೊದಲ ಸಾಲಿನಲ್ಲಿ ಅಗಲ, ಎತ್ತರ, ಎಷ್ಟು ಬಣ್ಣ, ಒಂದು ಪಿಕ್ಸೆಲ್‌ಗೆ ಎಷ್ಟು ಅಕ್ಷರ. ಆಮೇಲೆ ಯಾವ ಗುರುತಿಗೆ ಯಾವ ಬಣ್ಣ. ಅದಾದ ಮೇಲೆ ಚಿತ್ರವೇ. ರಂಗೋಲಿಗೆ ಚುಕ್ಕಿ ಇಟ್ಟು ಎಣಿಸುವವರಿಗೆ ಇದು ಹೊಸದೇನೂ ಅನ್ನಿಸಲ್ಲ. ನನ್ನ ಕ್ಲೋಸ್ ಗುರುತಿನ ನಡುಭಾಗ ಇದು:

++........++
+++......+++
.+++....+++.
..+++..+++..
...++++++...
....++++....
....++++....
...++++++...
..+++..+++..
.+++....+++.
+++......+++
++........++

ಚುಕ್ಕಿ ಅಂದರೆ ಹಿನ್ನೆಲೆ, ಕೂಡು ಅಂದರೆ ಗೆರೆ. ಎಣಿಸಿ ನೋಡಿ, 12 ಸಾಲು, ಸಾಲಿಗೆ 12. ಮೊದಲು 11 ಇಟ್ಟಿದ್ದೆ. ಬೆಸ ಸಂಖ್ಯೆ ಇದ್ದರೆ ಮಧ್ಯಕ್ಕೆ ಒಂದೇ ಒಂದು ಚುಕ್ಕಿ ಬಂದು ಕತ್ತರಿ ಗುರುತು ಚೂಪಾಗಿ ಕೂರುತ್ತೆ, ನೋಡಲು ಚೆನ್ನ. ಆದರೆ ಟೈಟಲ್ ಬಾರ್, ಅಂದರೆ ವಿಂಡೋದ ಮೇಲೆ ಹೆಸರು, ಬಟನ್ ಇರುವ ಪಟ್ಟಿ, 32 ಪಿಕ್ಸೆಲ್ ಎತ್ತರ. 32ರಲ್ಲಿ 11 ಕಳೆದರೆ 21. ಮೇಲೆ 10, ಕೆಳಗೆ 11. ಆ ಒಂದು ಪಿಕ್ಸೆಲ್ ವಾಲುವಿಕೆ ಒಮ್ಮೆ ಕಂಡಿತು ಅಂದರೆ ಆಮೇಲೆ ಅದೇ ಕಾಣುತ್ತಿರುತ್ತೆ. ಗೋಡೆಯ ಮೇಲೆ ವಾರೆಯಾದ ಕ್ಯಾಲೆಂಡರ್ ಇದ್ದ ಹಾಗೆ. 12 ಆದರೆ ಸುತ್ತ ಸಮ.

ಅಳತೆ ಹೀಗೆ ನಿಂತಿತು. ಬಟನ್ 40 ಅಗಲ, 32 ಎತ್ತರ. ಅಂದರೆ 10 ಮಿಲಿಮೀಟರ್‌ಗೆ 8 ಮಿಲಿಮೀಟರ್. ಅದರ ನಡುವೆ 12 ಪಿಕ್ಸೆಲ್‌ನ ಗುರುತು. ಮಿನಿಮೈಸ್‌ಗೆ ಕೆಳಭಾಗದಲ್ಲಿ 12 ಉದ್ದ, 2 ದಪ್ಪದ ಒಂದು ಗೆರೆ. ಮ್ಯಾಕ್ಸಿಮೈಸ್‌ಗೆ ಚೌಕ, ಮೇಲಿನ ಗೆರೆ ಮಾತ್ರ 3 ಪಿಕ್ಸೆಲ್, ಕಿಟಕಿಯ ಮೇಲ್ಪಟ್ಟಿಯ ಹಾಗೆ. ಹಿಗ್ಗಿದ ಮೇಲೆ ಕಾಣುವುದಕ್ಕೆ ಒಂದರ ಹಿಂದೆ ಒಂದು ಎರಡು ಚೌಕ.

ಬಟನ್‌ನ ಹಿನ್ನೆಲೆಯನ್ನು ಪಾರದರ್ಶಕ ಬಿಡಲಿಲ್ಲ. ಟೈಟಲ್ ಬಾರ್‌ನ ಬಣ್ಣವನ್ನೇ 40 × 32ಕ್ಕೂ ತುಂಬಿದೆ. ಕಣ್ಣಿಗೆ ಕಾಣುವುದು 12 ಪಿಕ್ಸೆಲ್ ಗುರುತು, ಒತ್ತಲು ಸಿಗುವುದು ಪೂರ್ತಿ ಚೌಕ. ಆ ಚೌಕ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗಲು ಕರ್ಸರ್ ಬಂದಾಗ ಇಡೀ ಚೌಕದ ಬಣ್ಣ ಬದಲಾಗುತ್ತೆ. ಕ್ಲೋಸ್‌ಗೆ ಇಟ್ಟಿಗೆ ಕೆಂಪು, ಉಳಿದೆರಡಕ್ಕೆ ತಿಳಿ ಬೂದು. ಒತ್ತಿದಾಗ ಗುರುತು ಒಂದು ಪಿಕ್ಸೆಲ್ ಕೆಳಗಿಳಿಯುತ್ತೆ. ಅದು ಕಣ್ಣಿಗೆ ಕಾಣಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಆದರೂ ತೆಗೆಯಲಿಲ್ಲ.

16 ಚಿತ್ರ ಕೈಯಲ್ಲಿ ಬರೆಯುವ ಹುಚ್ಚು ಬೇಡ. ನಾಲ್ಕು ಗುರುತನ್ನು ಮಾತ್ರ ಚುಕ್ಕಿಯಲ್ಲಿ ಬರೆದು, ಬಣ್ಣ ಬದಲಾಯಿಸಿ ಉಳಿದದ್ದನ್ನು ಹೊರಗೆ ಹಾಕಲು ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದೆ. ಅದಕ್ಕೆ ಮುಂಚೆ ಕೈಯಲ್ಲಿ ಮಾಡಿದ ಒಂದರಲ್ಲಿ ಒಂದು ಸಾಲಿಗೆ ಒಂದು ಚುಕ್ಕಿ ಬಿಟ್ಟುಹೋಗಿ ಬಟನ್ ಗೀಚಿದ ಹಾಗೆ ಬಂದಿತ್ತು. ಬದಲಾವಣೆ ನೋಡಲು ಬೇರೆ ಥೀಮ್ ಆರಿಸಿ ಮತ್ತೆ ಕೊಬ್ಬರಿಗೆ ಬಂದರೆ ಆಯಿತು, ಲಾಗೌಟ್ ಬೇಡ.

ಟೈಟಲ್ ಬಾರ್‌ಗೆ ಬೇರೆ ಐದು ತುಂಡು ಚಿತ್ರ ಬೇಕು. ಮೂರನೆಯದರ ಎತ್ತರವೇ ಬಾರ್‌ನ ಎತ್ತರ, ಹೆಸರು ಬೀಳುವುದೂ ಅದರ ಮೇಲೆ. ಐದಕ್ಕೂ ಒಂದೇ ಬಣ್ಣ ಕೊಟ್ಟೆ. ಪಕ್ಕದ ಅಂಚುಗಳನ್ನು 4 ಪಿಕ್ಸೆಲ್ ಮಾಡಿದೆ. ಚೆಂದ ಕಾಣಲಿ ಅಂತ 1 ಪಿಕ್ಸೆಲ್ ಅಂಚು ಇಡುವ ಥೀಮ್‌ಗಳಿವೆಯಲ್ಲ, ವಿಂಡೋ ಎಳೆದು ದೊಡ್ಡದು ಮಾಡಲು ಅದನ್ನು ಹಿಡಿಯುವುದು ಸೂಜಿಗೆ ದಾರ ಪೋಣಿಸಿದ ಹಾಗೆ.

ಮಧ್ಯೆ ಒಂದು ಆಸೆ ಹುಟ್ಟಿತು. ಗುರುತು ಯಾಕೆ, ಕನ್ನಡದಲ್ಲೇ ಬರೆದರೆ? 'ಮುಚ್ಚು', 'ಮರೆ', 'ಹಿಗ್ಗು'. ಈ ವಿಂಡೋ ಮ್ಯಾನೇಜರ್‌ನಲ್ಲಿ ಒಂದೊಂದು ಬಟನ್‌ಗೂ ಬೇರೆ ಬೇರೆ ಅಗಲ ಇರಬಹುದು, ಚಿತ್ರ ಎಷ್ಟು ಅಗಲವೋ ಅಷ್ಟು. ಮಾಡಿ ನೋಡಿದೆ. 'ಮರೆ' ಹೇಗೋ ಕೂತಿತು. 'ಮುಚ್ಚು' ಕೂರಲಿಲ್ಲ. ಚಕಾರದ ಒತ್ತು ಸಾಲಿನ ಕೆಳಗೆ ಇಳಿಯುತ್ತೆ, ಅದಕ್ಕೆ ಜಾಗ ಕೊಟ್ಟರೆ ಮೇಲಿನ ಅಕ್ಷರ ಸಣ್ಣದಾಗುತ್ತೆ. 32 ಪಿಕ್ಸೆಲ್‌ನಲ್ಲಿ ಒತ್ತು ಒಂದು ಇರುವೆಯಷ್ಟಾಯಿತು. ಬರೀ 'ಮು' ಅಂತ ಬರೆದರೆ ಮುಚ್ಚು ಅಂತಲೋ ಮುಂದೆ ಅಂತಲೋ? ಮೂರೂ ಸೇರಿ ಬಾರ್‌ನ ಮೇಲೆ ಇನ್ನೂರಕ್ಕೂ ಜಾಸ್ತಿ ಪಿಕ್ಸೆಲ್ ತಿಂದವು. ಮಾವನಿಗೆ ಫೋಟೋ ಕಳಿಸಿದೆ. "ಇದೇನ್ಲಾ, ಬಸ್ಸಿನ ಬೋರ್ಡು ಇದ್ದಂಗೈತೆ" ಅಂದರು. ಗುರುತೇ ಇರಲಿ ಅಂತ ವಾಪಸ್ ಬಂದೆ.

ಈಗ ಮೂಲೆಯ ವಿಚಾರ. ಇದನ್ನು ಮಾಡುವಾಗ ನನಗೆ ತುಂಬ ಜಂಬ ಇತ್ತು.

ಪಾಲ್ ಫಿಟ್ಸ್ ಅಂತ ಒಬ್ಬ ಅಮೆರಿಕದ ಮನಃಶಾಸ್ತ್ರಜ್ಞ. ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೆ ಒಂದು ಮುಟ್ಟಿಸಿ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆದು 1954ರಲ್ಲಿ ಬರೆದ. ಗುರಿ ದೂರ ಇದ್ದಷ್ಟು, ಸಣ್ಣದಿದ್ದಷ್ಟು ಹೊತ್ತು ಜಾಸ್ತಿ. ಪರದೆಗೆ ಇದನ್ನು ತಂದರೆ ಒಂದು ಲಾಭ ಸಿಗುತ್ತೆ. ಮೂಲೆಯಲ್ಲಿ ಕರ್ಸರ್ ತಾನೇ ನಿಲ್ಲುತ್ತೆ, ಎಷ್ಟು ಜೋರಾಗಿ ತಳ್ಳಿದರೂ ಆಚೆ ಹೋಗಲ್ಲ. ಹಾಗಾಗಿ ಮೂಲೆಗೆ ಅಂಟಿದ ಬಟನ್‌ಗೆ ಗುರಿ ಇಡಬೇಕಾಗಿಯೇ ಇಲ್ಲ. ಹಳೇ ಥೀಮ್‌ನಲ್ಲಿ ಕ್ಲೋಸ್ ಬಟನ್‌ಗೂ ಪರದೆಯ ಅಂಚಿಗೂ ಮಧ್ಯೆ ಕೆಲವು ಪಿಕ್ಸೆಲ್ ಸತ್ತ ಜಾಗ ಇತ್ತು. ಅಲ್ಲಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ನನ್ನದರಲ್ಲಿ ಅದು ಇರಬಾರದು! ಥೀಮ್‌ಆರ್‌ಸಿಯಲ್ಲಿ ಬಟನ್ ಆಫ್‌ಸೆಟ್ (ಅಂಚಿನಿಂದ ಬಿಡುವ ಜಾಗ) ಸೊನ್ನೆ, ಪೂರ್ತಿ ಹಿಗ್ಗಿದ ವಿಂಡೋಗೆ ಇರುವ ಮ್ಯಾಕ್ಸಿಮೈಸ್ಡ್ ಆಫ್‌ಸೆಟ್ಟೂ ಸೊನ್ನೆ. ಬಟನ್ ಎತ್ತರವೂ ಬಾರ್ ಎತ್ತರವೂ 32. ತೆರೆದ ವಿಂಡೋಗಳ ಪಟ್ಟಿ ಇರುವ ಪ್ಯಾನೆಲ್ ಮೊದಲೇ ಪರದೆಯ ಕೆಳಗಿತ್ತು. ಮೇಲೆ ಬಲಗಡೆಯ ಕಟ್ಟಕಡೆಯ ಪಿಕ್ಸೆಲ್ ಒತ್ತಿದರೂ ಕ್ಲೋಸ್ ಆಗುವ ಹಾಗೆ ಮಾಡಿ, ತಿಪಟೂರಿಗೆ ಹೋಗಿ ಹಾಕಿ ಬಂದೆ.

ನಾಲ್ಕನೇ ದಿನ ಫೋನ್. "ಮೊದ್ಲೇ ವಾಸಿ ಇತ್ತು ಕಣಪ್ಪ."

ವಾರಕ್ಕೆ ಎರಡು ಸಲ ಮುಚ್ಚುತ್ತಿದ್ದದ್ದು ಈಗ ದಿನಕ್ಕೆ ಎರಡು ಸಲ ಅಂತೆ. ಬಟನ್ ಎರಡೂವರೆ ಪಟ್ಟು ಅಗಲ ಆಗಿ, ಗುರುತು ಎದ್ದು ಕಂಡು, ಕೆಂಪು ಬಣ್ಣವೂ ಬಂದು!

ಮುಂದಿನ ಭಾನುವಾರ ಹೋಗಿ ಸುಮ್ನೆ ಅವರ ಪಕ್ಕ ಕೂತೆ. ಏನೂ ಹೇಳಿಕೊಡಲಿಲ್ಲ, ಕೈ ನೋಡುತ್ತಿದ್ದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಒಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಮಾವ ಬಟನ್‌ಗೆ ಗುರಿ ಇಡುವುದೇ ಇಲ್ಲ. ಕರ್ಸರ್ ಎಲ್ಲಿದೆ ಅಂತ ಅವರಿಗೆ ಬೇಗ ಸಿಗಲ್ಲ. ಅದಕ್ಕೆ ಮೌಸನ್ನು ಬೀಸಿ ಬಲಗಡೆ ಮೂಲೆಗೆ ಎಸೆಯುತ್ತಾರೆ. ಅಲ್ಲಿ ಕರ್ಸರ್ ಇದ್ದೇ ಇರುತ್ತೆ. ಅಲ್ಲಿಂದ ನಿಧಾನಕ್ಕೆ ಎಡಕ್ಕೆ ಎಣಿಸುತ್ತಾ ಬರುತ್ತಾರೆ, ಒಂದು, ಎರಡು, ಮೂರು. ಆ ಎಸೆತದ ಕೊನೆಯಲ್ಲಿ ಕೆಲವು ಸಲ ಬೆರಳು ತಾನೇ ಒತ್ತಿಬಿಡುತ್ತೆ. ಹಳೇ ಥೀಮ್‌ನಲ್ಲಿ ಅಲ್ಲಿದ್ದದ್ದು ಸತ್ತ ಜಾಗ, ಹೆಚ್ಚಿನ ಸಲ ಏನೂ ಆಗುತ್ತಿರಲಿಲ್ಲ. ನಾನು ಆ ಜಾಗಕ್ಕೇ ಕ್ಲೋಸ್ ತಂದು ಕೂರಿಸಿದ್ದೆ. ಫಿಟ್ಸ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೂಲೆ ಸುಲಭವಾಗಿ ಸಿಗುತ್ತೆ, ಬೇಡದವರಿಗೂ.

ಸತ್ತ ಜಾಗ ವಾಪಸ್ ಇಡಬಹುದಿತ್ತು, ಥೀಮ್‌ಆರ್‌ಸಿಯಲ್ಲಿ ಒಂದು ಅಂಕಿ ಅಷ್ಟೇ. ಆದರೆ ಅಷ್ಟು ಒಳ್ಳೆಯ ಜಾಗವನ್ನು ಖಾಲಿ ಬಿಡುವುದಾ ಅಂತ ಮನಸ್ಸು ಬರಲಿಲ್ಲ. ಕ್ಲೋಸ್ ಅಲ್ಲಿಗೆ ಬಂದದ್ದಾದರೂ ಹೇಗೆ? ವಿಂಡೋಸ್ 3.1ರಲ್ಲಿ ಬಲ ಮೂಲೆಯಲ್ಲಿ ಇದ್ದದ್ದು ಕೆಳಗೊಂದು ಮೇಲೊಂದು ಮುಖ ಮಾಡಿದ ಬಾಣಗಳು, ಮಿನಿಮೈಸ್ ಮತ್ತು ಮ್ಯಾಕ್ಸಿಮೈಸ್. ಮುಚ್ಚಬೇಕಾದರೆ ಎಡ ಮೂಲೆಯ ಪೆಟ್ಟಿಗೆಯನ್ನು ಎರಡು ಸಲ ಒತ್ತಬೇಕಿತ್ತು. 1995ರಲ್ಲಿ ವಿಂಡೋಸ್ 95 ಬಂದಾಗ ಕತ್ತರಿ ಗುರುತು ಬಲಕ್ಕೆ ಬಂದು ಕೊನೆಯಲ್ಲಿ ಕೂತಿತು. (ಆ ಗುರುತುಗಳು ಚಿತ್ರವೂ ಅಲ್ಲ, ಮಾರ್ಲೆಟ್ ಅನ್ನೋ ಫಾಂಟ್‌ನ ಅಕ್ಷರಗಳು. ಫಾಂಟ್ ಫೈಲ್ ಕೆಟ್ಟರೆ ಬಟನ್ ಜಾಗದಲ್ಲಿ ಅಂಕಿ, ಅಕ್ಷರ ಬರುತ್ತಿದ್ದವು.) ಮ್ಯಾಕ್‌ನಲ್ಲಿ 1984ರಿಂದಲೂ ಮುಚ್ಚುವುದು ಎಡಗಡೆ. ಉಬುಂಟು 2010ರಲ್ಲಿ 10.04 ಆವೃತ್ತಿಯಲ್ಲಿ ಮೂರನ್ನೂ ಎಡಕ್ಕೆ ಎತ್ತಿಕೊಂಡು ಹೋಗಿ, 2017ರಲ್ಲಿ 17.10ರಲ್ಲಿ ಮತ್ತೆ ಬಲಕ್ಕೆ ತಂದಿತು. ಅಂದರೆ ಇದು ವೇದವಾಕ್ಯವೇನಲ್ಲ.

ಎಕ್ಸ್‌ಎಫ್‌ಸಿಇಯಲ್ಲಿ ಬಟನ್‌ಗಳ ಕ್ರಮ ಬದಲಾಯಿಸುವುದು ತುಂಬ ಸುಲಭ. ವಿಂಡೋ ಮ್ಯಾನೇಜರ್ ಸೆಟ್ಟಿಂಗ್ಸ್‌ನ ಸ್ಟೈಲ್ ಪುಟದಲ್ಲಿ ಒಂದೊಂದನ್ನೂ ಹಿಡಿದು ಎಳೆದು ಇಟ್ಟರಾಯಿತು. ಮೊದಲು ಕ್ಲೋಸ್ ಒಂದನ್ನೇ ಎಡಕ್ಕೆ ಕಳಿಸಿ, ಬಲಗಡೆ ಮಿನಿಮೈಸ್, ಕೊನೆಗೆ ಮ್ಯಾಕ್ಸಿಮೈಸ್ ಬಿಟ್ಟೆ. ಮುಚ್ಚುವುದು ನಿಂತಿತು. ಆದರೆ ಮೂಲೆಗೆ ಎಸೆದಾಗ ವಿಂಡೋ ಹಿಗ್ಗುವುದು, ಕುಗ್ಗುವುದು, ಕೋಲಾಟ ಶುರುವಾಯಿತು. ಮಾವ ದಿನಕ್ಕೆ ನಲವತ್ತು ಸಲ ಮಾಡುವುದು ಒಂದೇ ಕೆಲಸ, ಶೀಟ್ ಮರೆ ಮಾಡಿ ರೇಟು ನೋಡುವುದು. ಹಾಗಾದರೆ ಮೂಲೆಯಲ್ಲಿ ಇರಬೇಕಾದದ್ದು ಅದೇ ಅಲ್ವಾ?

ಎಡ ತುದಿಯಲ್ಲಿ ಕ್ಲೋಸ್, ಮಧ್ಯೆ ಹೆಸರು, ಬಲಗಡೆ ಮ್ಯಾಕ್ಸಿಮೈಸ್, ಕಟ್ಟಕಡೆಗೆ ಮಿನಿಮೈಸ್. ಎಲ್ಲೂ ನೋಡಿರದ ಕ್ರಮ. "ಮಾವ, ಈಗ ಎಣಿಸಬೇಡಿ. ಮೂಲೆಗೆ ಎಸೆದು ಒತ್ತಿ, ಅಷ್ಟೇ" ಅಂದೆ. ಎಸೆದರು, ಒತ್ತಿದರು. ಶೀಟ್ ಕೆಳಗಿಳಿಯಿತು, ಮಂಡಿ ರೇಟು ಕಂಡಿತು. ಮತ್ತೆ ತೆಗೆದು ಮತ್ತೆ ಎಸೆದರು. ನಾಲ್ಕೈದು ಸಲ ಹಾಗೇ ಆಟ ಆಡಿದರು. ಏನೂ ಹೇಳಲಿಲ್ಲ, ಅತ್ತೆಗೆ ಕಾಫಿ ಇಡಲು ಹೇಳಿದರು.

ಒಂದು ತೊಡಕು ಉಳಿದಿತ್ತು. ಬ್ರೌಸರ್ ಮತ್ತು ಇನ್ನೆರಡು ಅಪ್ಲಿಕೇಶನ್‌ಗಳು ತಮ್ಮ ಟೈಟಲ್ ಬಾರನ್ನು ತಾವೇ ಬರೆದುಕೊಳ್ಳುತ್ತವೆ. ನಾನು ಎಷ್ಟು ಚುಕ್ಕಿ ಇಟ್ಟರೂ ಅವು ನೋಡುವುದೇ ಇಲ್ಲ. ಬ್ರೌಸರ್‌ನಲ್ಲಿ ಸಿಸ್ಟಮ್‌ನ ಟೈಟಲ್ ಬಾರ್ ತೋರಿಸು ಅಂತ ಒಂದು ಆಯ್ಕೆ ಇತ್ತು, ಹಾಕಿದೆ. ಮೇಲೆ 32 ಪಿಕ್ಸೆಲ್ ಹೋಯಿತು, ಹೋಗಲಿ. ಉಳಿದವಕ್ಕೆ ಎಕ್ಸ್‌ಸೆಟ್ಟಿಂಗ್ಸ್ ಎಂಬ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ ಡೆಕೊರೇಶನ್ ಲೇಔಟ್ ಎಂಬ ಒಂದು ಸಾಲು ಇದೆ. ಎಡಗಡೆ ಯಾವುದು, ಬಲಗಡೆ ಯಾವುದು ಅಂತ ಮಧ್ಯೆ ಒಂದು ಕೋಲನ್ ಹಾಕಿ ಬರೆದರೆ ಕ್ರಮವನ್ನಾದರೂ ಪಾಲಿಸುತ್ತವೆ. ಬಟನ್ ಚಿತ್ರ ಮಾತ್ರ ಅವುಗಳದ್ದೇ, ಸಣ್ಣವು. ಅದಕ್ಕಿನ್ನೂ ಕೈ ಹಾಕಿಲ್ಲ.

ಈಗ ಎರಡು ತಿಂಗಳಾಯಿತು. ಒಂದೇ ಒಂದು ಸಲವೂ ಶೀಟ್ ತಪ್ಪಿ ಮುಚ್ಚಿಲ್ಲ ಅಂತೆ. ಕಳೆದ ವಾರ ಊರಿಗೆ ಹೋದವನು ಅಪ್‌ಡೇಟ್ ಮಾಡೋಣ ಅಂತ ಅದೇ ಲ್ಯಾಪ್‌ಟಾಪ್ ಹಿಡಿದು ಒಂದು ಗಂಟೆ ಕೂತಿದ್ದೆ. ಕೆಲಸ ಮುಗಿದ ಹಾಗೆಲ್ಲ ನನ್ನ ಕೈ ಅಭ್ಯಾಸದಂತೆ ಬಲ ಮೂಲೆಗೆ ಹೋಗಿ ಒತ್ತುತ್ತಿತ್ತು. ವಿಂಡೋ ಕಣ್ಮರೆಯಾಯಿತಲ್ಲ, ಮುಚ್ಚಿತು ಅಂದುಕೊಂಡು ಎದ್ದು ಬಂದೆ.

ಮಾರನೇ ಬೆಳಗ್ಗೆ ಬೆಂಗಳೂರಿಗೆ ಹೊರಟು ಬಸ್ಸಿನಲ್ಲಿದ್ದಾಗ ಮಾವನ ಫೋನ್. "ಅಳಿಮಯ್ಯ, ನಿನ್ನೆ ಏನೇನು ತೆಗ್ದಿದ್ಯೋ, ಒಂದೂ ಮುಚ್ಚಿಲ್ಲ. ಕೆಳಗೆ ಏಳು ಕೂತವೆ. ಎಡಗಡೆ ಹೋಗಿ ಮುಚ್ಬೇಕು ಕಣೋ!"